ಮೇಲೆ ಮೂರು ತಂತಿ, ಕೆಳಗೆ ಮೂರು ತಂತಿ

ಹೊನ್ನಾಳಿಯಿಂದ ಸಂಜೆಯ ಬಸ್ಸು ನ್ಯಾಮತಿಗೆ ಬರುವುದು ಆರೂವರೆಗೆ. ಅದರಲ್ಲೇ ಬರುತ್ತೇನೆಂದು ಬ್ಲಾಕ್ ಆಫೀಸಿನಲ್ಲಿ ಹೆಂಗಸರ ಯೋಜನೆ ನೋಡಿಕೊಳ್ಳುವ ಮುಖ್ಯ ಸೇವಿಕೆ ನಿರ್ಮಲಮ್ಮ ಕಾರ್ಡು ಬರೆದಿದ್ದರು. ಆ ಶನಿವಾರ ಬೆಳಗಿನಿಂದ ಓಬವ್ವ ಮಹಡಿಯ ಕೋಣೆಯನ್ನು ಮೂರು ಸಲ ಗುಡಿಸಿದ್ದಳು. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದ್ದಳು. ತಾನು ಹೊಲಿದ ಲಂಗ, ರವಿಕೆ, ಮಕ್ಕಳ ಅಂಗಿಗಳನ್ನು ಹಗ್ಗಕ್ಕೆ ತೂಗುಹಾಕಿ, ಸರಿ ಕಾಣಲಿಲ್ಲವೆಂದು ತೆಗೆದು, ಮತ್ತೆ ತೂಗುಹಾಕಿದ್ದಳು.

ತಾಲ್ಲೂಕಿಗೆ ಆ ವರ್ಷ, ಅಂದರೆ 1983ರಲ್ಲಿ, ಹೆಂಗಸರ ಹೊಲಿಗೆ ಕೇಂದ್ರವೊಂದು ಬರುವುದಿತ್ತು. ಆರು ಹೊಲಿಗೆ ಮಿಷನ್ನು, ಒಬ್ಬಳು ಶಿಕ್ಷಕಿ. ಯಾವ ಊರಿಗೆ, ಯಾರ ಮನೆಗೆ ಅನ್ನುವುದನ್ನು ನಿರ್ಮಲಮ್ಮ ಕಣ್ಣಾರೆ ನೋಡಿ ಬರೆಯಬೇಕು. ಓಬವ್ವನ ಕೇರಿಯಲ್ಲಿ ಹದಿನಾಲ್ಕು ಜನ ಹೆಂಗಸರು ಕಲಿಯಲು ಸಿದ್ಧರಾಗಿ ಕೂತಿದ್ದರು. ಹಗಲೆಲ್ಲ ಕಳೆ ಕೀಳುವವರು, ಅಡಿಕೆ ಸುಲಿಯುವವರು. ಅವರಿಗೆ ಬಿಡುವು ಸಿಗುವುದೇ ಹೊತ್ತು ಮುಳುಗಿದ ಮೇಲೆ. ಹೋದ ತಿಂಗಳು ಒಮ್ಮೆ ಬಂದಿದ್ದ ನಿರ್ಮಲಮ್ಮ ಕೋಣೆ ನೋಡಿ ಮೆಚ್ಚಿದರು, ಇಳಿಯುವಾಗ ಮಾತ್ರ ಗೋಡೆ ತಡವುತ್ತ ಇಳಿದರು.

"ಕೋಣೆ ಬಾಳ ಚೆನ್ನಾಗೈತೆ ಓಬವ್ವ. ಆದ್ರೆ ಈ ಮೆಟ್ಲು ನೋಡು, ಬಾವಿಗೆ ಇಳಿದಂಗೈತೆ. ಒಂದು ಊರಾಗೆ ಹಿಂಗೇ ಹುಡುಗಿ ಬಿದ್ದು ಕೈ ಮುರ್ಕೊಂಡ್ಲು. ಮೆಟ್ಲಿಗೆ ದೀಪ ಸರಿ ಮಾಡ್ಸು. ಮೇಲಿಂದನೂ ಹಾಕಾಕೆ ಬರಬೇಕು, ಕೆಳಗಿಂದನೂ ಹಾಕಾಕೆ ಬರಬೇಕು. ಆಮೇಲೆ ನಾನು ಬರೀತೀನಿ" ಎಂದು ಹೇಳಿ ಹೋಗಿದ್ದರು.

ಮೆಟ್ಟಿಲಿಗೆ ದೀಪ ಇಲ್ಲವೆಂದಲ್ಲ. ಐದು ವರ್ಷದ ಹಿಂದೆ ಮನೆ ಕಟ್ಟಿಸಿದಾಗಲೇ ಒಂದೇ ಬಲ್ಬಿಗೆ ಕೆಳಗೊಂದು, ಮೇಲೊಂದು ಸ್ವಿಚ್ಚು ಹಾಕಿಸಿದ್ದರು. ಕೆಳಗೆ ಹಾಕಿ ಹತ್ತಿ, ಮೇಲೆ ಆರಿಸಬಹುದು. ಇಳಿಯುವಾಗ ಮೇಲೆ ಹಾಕಿ ಕೆಳಗೆ ಆರಿಸಬಹುದು. ಆದರೆ ಮೇಲಿನ ಸ್ವಿಚ್ಚು ಸಡಿಲವಾಗಿ, ಒತ್ತಿದರೆ ಚಟಚಟ ಕಿಡಿ ಹಾರುತ್ತಿತ್ತು. ಹೆದರಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಓಬವ್ವನ ಗಂಡ ಓಂಕಾರಪ್ಪ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಮನೆಯಲ್ಲಿ ಏನು ಕೆಟ್ಟರೂ ಇನ್ನೊಬ್ಬರನ್ನು ಕರೆಯುವುದು ಅವನಿಗೆ ಆಗಿಬಾರದ ಮಾತು. ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದ್ದ, ಸೀಮೆಎಣ್ಣೆ ಸ್ಟೌ ಬಿಚ್ಚಿ ಜೋಡಿಸಿದ್ದ. ಪ್ರತಿಸಲ ಎರಡು ಮೂರು ಸ್ಕ್ರೂ ಅಂಗೈಯಲ್ಲಿ ಉಳಿಯುತ್ತಿದ್ದರೂ ಗಡಿಯಾರ ನಡೆಯುತ್ತಿತ್ತು, ಸ್ಟೌ ಉರಿಯುತ್ತಿತ್ತು. ಈಗ ದಾವಣಗೆರೆಗೆ ಹೋದವನು ಬಿಳಿ ಬಣ್ಣದ ಎರಡು ಹೊಸ ಸ್ವಿಚ್ಚು ತಂದಿದ್ದ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದು, ಊಟ ಮಾಡಿದ ಕೈ ಒಣಗುವ ಮುಂಚೆ ಮೇನ್ ಬೋರ್ಡಿನ ಫ್ಯೂಸು ಕಿತ್ತು ಕೆಲಸಕ್ಕೆ ಕೂತ. ಮೂರು ಗಂಟೆಗೆ ಫ್ಯೂಸು ಮತ್ತೆ ಸಿಕ್ಕಿಸಿ, ಮಹಡಿಗೆ ಹತ್ತಿ ಕೂಗಿದ.

"ಓಬಿ, ಒತ್ತೇ!"

ಓಬವ್ವ ಕೆಳಗಿನ ಸ್ವಿಚ್ಚು ಒತ್ತಿದಳು. ಬಲ್ಬು ಝಗ್ಗನೆ ಹತ್ತಿತು. ಅವಳಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಓಂಕಾರಪ್ಪ ಮೇಲೆ ಆರಿಸಿದ. ಆರಿತು. "ಈಗ ನೀನು ಮತ್ತೆ ಹಾಕು" ಎಂದ. ಅವಳು ಒತ್ತಿದಳು. ಏನೂ ಇಲ್ಲ. ಇನ್ನೊಂದು ಸಲ ಒತ್ತಿದಳು. ಊಹೂಂ.

"ಮೇಲಿಂದ ಹಾಕ್ರಿ ನೋಡೋಣ."

ಅವನು ಹಾಕಿದ. ಹತ್ತಿತು. ಆಮೇಲೆ ಕೆಳಗಿನಿಂದ ಆರಿಸಬಹುದು, ಹಾಕಬಹುದು, ಎಲ್ಲ ಸರಿ. ಆದರೆ ಮೇಲೆ ಒಮ್ಮೆ ಆರಿಸಿದರೆ ಮುಗಿಯಿತು, ಕೆಳಗೆ ಎಷ್ಟು ಕುಟ್ಟಿದರೂ ಕತ್ತಲೆಯೇ.

ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ ಅಂತರಘಟ್ಟಮ್ಮ ಇದನ್ನೆಲ್ಲ ನೋಡಿ, "ಇದೇನ್ಲಾ ಓಂಕಾರಿ, ಮೇಲಿನೋನು ಹೂಂ ಅಂದ್ರೇನೇ ಕೆಳಗಿನೋನಿಗೆ ಬೆಳಕಾ? ಇದು ಗೌಡ್ರ ಮನೆ ನ್ಯಾಯ ಆತಲ್ಲ!" ಎಂದಳು.

ಓಬವ್ವನಿಗೆ ನಗು ಬಂತು, ಆದರೆ ನಗುತ್ತ ಕೂರುವ ಹೊತ್ತಲ್ಲ. ನಿರ್ಮಲಮ್ಮ ಕೇಳಿದ್ದೇ ಅದನ್ನು: ಮೇಲೂ ಕೆಳಗೂ ಎರಡೂ ಕಡೆಯಿಂದ. ಅವಳು ಚಪ್ಪಲಿ ಮೆಟ್ಟಿ, ಕೇರಿಯಲ್ಲೇ ಇದ್ದ ವೈರಿಂಗ್ ಗೋಣೆಪ್ಪನ ಮನೆಗೆ ಓಡಿದಳು. ಗೋಣೆಪ್ಪನ ಹೆಂಡತಿ ಬಾಗಿಲಲ್ಲೇ ಹೇಳಿದಳು: ಕೆರೆಬಿಳಚಿಯಲ್ಲಿ ಯಾರದೋ ತೋಟದ ಪಂಪಿನ ಮೋಟಾರು ಸುಟ್ಟಿದೆ, ಅಲ್ಲಿಗೆ ಹೋಗಿದ್ದಾನೆ, ಬರುವುದು ಸೋಮವಾರ.

ಅವಳು ತಿರುಗಿ ಮನೆಗೆ ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಓಂಕಾರಪ್ಪ ತಪ್ಪು ಹುಡುಕುವ ಆತುರದಲ್ಲಿ ಮತ್ತೆ ಫ್ಯೂಸು ಕಿತ್ತು, ಎರಡೂ ಸ್ವಿಚ್ಚಿನ ಎಲ್ಲ ತಂತಿಗಳನ್ನೂ ಬಿಚ್ಚಿಬಿಟ್ಟಿದ್ದ. ಮೇಲಿನ ಗೋಡೆಯಿಂದ ಮೂರು ತಂತಿ, ಕೆಳಗಿನ ಗೋಡೆಯಿಂದ ಮೂರು ತಂತಿ ಚಾಚಿಕೊಂಡು ನಿಂತಿದ್ದವು. ಆರೂ ಕಪ್ಪು. ಯಾವುದು ಯಾವುದೆಂದು ಹೇಳುವವರಿಲ್ಲ.

"ಯಾವುದು ಎಲ್ಲಿತ್ತು ಅಂತ ಗುರುತು ಮಾಡ್ಕೊಂಡ್ರಾ?"

ಓಂಕಾರಪ್ಪ ಮೆಟ್ಟಿಲ ಮೇಲೆ ಕೂತು ತಲೆ ತಗ್ಗಿಸಿದ. "ಇಲ್ಲ ಕಣೇ."

ಇನ್ನೊಂದು ದಿನವಾಗಿದ್ದರೆ ಓಬವ್ವ ಬಾಯಿ ಮಾಡುತ್ತಿದ್ದಳೋ ಏನೋ. ಆದರೆ ಗಂಡನ ಮುಖವೆಲ್ಲ ಬೆವರಾಗಿತ್ತು. ಇದನ್ನೆಲ್ಲ ಅವನು ಮಾಡಿದ್ದು ಅವಳ ಹೊಲಿಗೆ ಕೇಂದ್ರಕ್ಕಾಗಿಯೇ. ಅವಳು ಆ ಮೂರು ತಂತಿಗಳನ್ನೇ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಜಗಳೂರಿನ ಟೆಂಟ್ ಸಿನಿಮಾದ ಹಿಂಭಾಗ ಕಣ್ಣಿಗೆ ಕಟ್ಟಿತು. ಅಪ್ಪ ಸಣ್ಣಪ್ಪ ಅಲ್ಲಿ ಡೀಸೆಲ್ ಎಂಜಿನ್ನು ನೋಡಿಕೊಳ್ಳುತ್ತಿದ್ದ. ಟೆಂಟಿನೊಳಗಿನ ಮೈಕಿನ ವೈರು ಎಲ್ಲೋ ತುಂಡಾದರೆ ಅಪ್ಪ ಬ್ಯಾಟರಿಯ ಸೆಲ್ಲಿಗೆ ಒಂದು ಸಣ್ಣ ಬಲ್ಬು ಕಟ್ಟಿಕೊಂಡು ಬರುತ್ತಿದ್ದ. ಒಂದು ತುದಿಯಲ್ಲಿ ಹತ್ತು ವರ್ಷದ ಓಬವ್ವ ವೈರು ಹಿಡಿದಿರಬೇಕು, ಇನ್ನೊಂದು ತುದಿಯಲ್ಲಿ ಅಪ್ಪ. ಬಲ್ಬು ಹತ್ತಿದರೆ ವೈರು ಜೀವಂತ, ಹತ್ತದಿದ್ದರೆ ಸತ್ತದ್ದು.

ಓಬವ್ವ ಗಂಡನ ಕಡೆ ತಿರುಗಿದಳು.

"ರೀ, ಏಳ್ರಿ! ಬ್ಯಾಟರಿ ಎಲ್ಲೈತೆ? ಬಿಚ್ಚಿ ಕೊಡ್ರಿ. ಬಿಚ್ಚಾಕೆ ನಿಮಗೆ ಹೇಳ್ಕೊಡಬೇಕಾ!"

ಎರಡು ನಿಮಿಷದಲ್ಲಿ ಬ್ಯಾಟರಿಯ ಎರಡು ಸೆಲ್ಲು, ಅದರ ಪುಟ್ಟ ಬಲ್ಬು, ಎರಡು ಮೊಳ ವೈರು ಅವಳ ಮುಂದಿದ್ದವು. ಸೆಲ್ಲುಗಳನ್ನು ಒಂದರ ಹಿಂದೊಂದು ಇಟ್ಟು ರವಿಕೆಯ ಅಂಚಿನ ಬಟ್ಟೆಯಿಂದ ಬಿಗಿಯಾಗಿ ಸುತ್ತಿದಳು. ಒಂದು ಕಡೆಗೆ ಬಲ್ಬು, ಬಲ್ಬಿನಿಂದ ಒಂದು ವೈರು, ಸೆಲ್ಲಿನ ಬುಡದಿಂದ ಇನ್ನೊಂದು. ಎರಡೂ ತುದಿಗಳನ್ನು ಅಡಿಗೆ ಚಮಚಕ್ಕೆ ಮುಟ್ಟಿಸಿದಳು. ಬಲ್ಬು ಮಿಣುಕ್ಕೆಂದಿತು.

"ಹತ್ತಿತು!" ಅಂತರಘಟ್ಟಮ್ಮ ಎಲೆಅಡಿಕೆ ತಟ್ಟೆ ಬಿಟ್ಟು ಎದ್ದು ಬಂದಳು.

ಓಬವ್ವ ಮೊದಲು ಗಂಡ ಕಿತ್ತಿಟ್ಟಿದ್ದ ಫ್ಯೂಸನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇದು ನನ್ ಹತ್ರ ಇರ್ಲಿ. ನಾನು ಬಿಚ್ಚಿ ಕೊಡೋ ತನಕ ಯಾರೂ ಕೇಳಂಗಿಲ್ಲ." ಆಮೇಲೆ ಹೊಸ ಸ್ವಿಚ್ಚನ್ನು ಕೈಗೆತ್ತಿಕೊಂಡಳು. ಹಳೆಯದರಲ್ಲಿ ಮೂರು ಸ್ಕ್ರೂಗಳು ಒಲೆಗುಂಡಿನ ಹಾಗೆ ಮೂರು ಮೂಲೆಗಿದ್ದವು. ಹೊಸದರಲ್ಲಿ ಮೂರೂ ಒಂದೇ ಸಾಲಿನಲ್ಲಿ. ಬಲ್ಬು ಹಚ್ಚಿ ಪರೀಕ್ಷೆ ಮಾಡಿದಳು. ಸ್ವಿಚ್ಚು ಒಂದು ಕಡೆ ಒತ್ತಿದರೆ ನಡುವಿನ ಸ್ಕ್ರೂಗೂ ಮೇಲಿನ ಸ್ಕ್ರೂಗೂ ಸಂಬಂಧ. ಇನ್ನೊಂದು ಕಡೆ ಒತ್ತಿದರೆ ನಡುವಿನದಕ್ಕೂ ಕೆಳಗಿನದಕ್ಕೂ. ಮೇಲಿನದಕ್ಕೂ ಕೆಳಗಿನದಕ್ಕೂ ಏನು ಮಾಡಿದರೂ ಇಲ್ಲ.

"ನಡುವಿನದೇ ಯಜಮಾನ ಕಣ್ರಿ! ನೀವು ಹಳೇದು ನೋಡಿ ಯಜಮಾನನ ತಂತಿ ತುದಿಗೆ ಹಾಕಿದ್ರಿ."

"ಮೇಲಿನ ಸ್ವಿಚ್ಚಿನಾಗೆ?"

"ಮೇಲಿನದ್ರಾಗೇ. ಅದನ್ನ ಆರಿಸಿದ್ರೆ ತಾನೇ ಎಲ್ಲ ಸತ್ತೋಗ್ತಿದ್ದದ್ದು?"

ಅತ್ತೆ ಸೊಸೆಯ ಮುಖ, ಮಗನ ಮುಖ ನೋಡಿದಳು. "ನಂಗೊಂಚೂರು ತಿಳಿಯಂಗೆ ಹೇಳ್ರವ್ವ."

"ಗದ್ದೆಗೆ ನೀರು ಬಿಟ್ಟಂಗೆ ಅತ್ತೆ. ಕೆಳಗಿಂದ ಮೇಲಕ್ಕೆ ಎರಡು ಕಾಲುವೆ ಹೋಗ್ಯಾವೆ. ಕೆಳಗೊಂದು ತೂಬು, ಮೇಲೊಂದು ತೂಬು. ಇಬ್ರೂ ಒಂದೇ ಕಾಲುವೆ ಕಡೆ ತೂಬು ತಿರುಗಿಸಿದ್ರೆ ನೀರು ಹೋಗ್ತೈತೆ, ದೀಪ ಹತ್ತುತೈತೆ. ಒಬ್ಬ ಒಂದು ಕಡೆ, ಇನ್ನೊಬ್ಬ ಇನ್ನೊಂದು ಕಡೆ ತಿರುಗಿಸಿದ್ರೆ ಇಲ್ಲ. ಈಗ ಈ ಆರು ತಂತಿನಾಗೆ ಆ ಎರಡು ಕಾಲುವೆ ಯಾವುವು ಅಂತ ಹುಡುಕಬೇಕು. ಮೇಲೆ ಉಳಿದದ್ದು ಬಲ್ಬಿಂದು, ಕೆಳಗೆ ಉಳಿದದ್ದು ಕರೆಂಟು ಬರೋದು."

"ಅಷ್ಟೇನಾ!" ಎಂದಳು ಅಂತರಘಟ್ಟಮ್ಮ, ಹುಟ್ಟಿದಾಗಿನಿಂದ ವೈರಿಂಗ್ ಮಾಡಿದವಳ ಹಾಗೆ.

ಉಪಾಯವೂ ಓಬವ್ವನಿಗೆ ಆಗಲೇ ಹೊಳೆದಿತ್ತು. ಮೇಲಿನ ತಂತಿಗಳಿಗೆ ಕೆಂಪು, ಹಸಿರು, ಹಳದಿ ದಾರ ಕಟ್ಟಿದಳು. ಕೆಳಗಿನವಕ್ಕೆ ಬಿಳಿ ದಾರದಲ್ಲೇ ಒಂದು ಗಂಟು, ಎರಡು ಗಂಟು, ಮೂರು ಗಂಟು. ಮೇಲೆ ಓಂಕಾರಪ್ಪ ಯಾವುದಾದರೂ ಎರಡನ್ನು ಹೆಣೆದು ಹಿಡಿಯಬೇಕು. ಕೆಳಗೆ ಅವಳು ಎರಡೆರಡಕ್ಕೆ ಬಲ್ಬು ಹಚ್ಚಿ ನೋಡಬೇಕು. ಮೇಲೆ ಹೆಣೆದದ್ದು ಆ ಎರಡು ಕಾಲುವೆಗಳೇ ಆದರೆ ಕೆಳಗೆ ಬಲ್ಬು ಹತ್ತಲೇಬೇಕು.

ಇಷ್ಟೆಲ್ಲ ಆಗುವ ಹೊತ್ತಿಗೆ ಆರು ಗಂಟೆ. ಫ್ಯೂಸು ಸೆರಗಿನಲ್ಲಿ ಇದ್ದುದರಿಂದ ಮನೆಯೆಲ್ಲ ಮಬ್ಬು. ಅಂತರಘಟ್ಟಮ್ಮ ಲಾಟೀನು ಹಚ್ಚಿ ಸೊಸೆಯ ಭುಜದ ಹತ್ತಿರ ಹಿಡಿದು ನಿಂತಳು. ಓಂಕಾರಪ್ಪ ಮೋಂಬತ್ತಿ ಹಿಡಿದು ಮೇಲೆ ಹೋದ.

"ಕೆಂಪು, ಹಸಿರು ಹೆಣೆದೀನಿ!"

ಓಬವ್ವ ಒಂದು ಗಂಟು, ಎರಡು ಗಂಟಿಗೆ ಮುಟ್ಟಿಸಿದಳು. ಇಲ್ಲ. ಎರಡು, ಮೂರು. ಇಲ್ಲ. ಒಂದು, ಮೂರು. ಇಲ್ಲ.

"ಬಿಚ್ಚಿ! ಹಸಿರು, ಹಳದಿ ಹೆಣೀರಿ!"

"ಹೆಣೆದೆ!"

ಮತ್ತೆ ಮೂರು ಸಲ. ಮೂರು ಸಲವೂ ಬಲ್ಬು ಕಣ್ಣು ಬಿಡಲಿಲ್ಲ. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಎದುರು ಮನೆಯಲ್ಲಿ ದೀಪ ಹತ್ತಿತು, ಪಕ್ಕದ ಮನೆಯಲ್ಲಿ ಹತ್ತಿತು, ಬೀದಿಯ ಕಂಬದ್ದೂ ಹತ್ತಿತು. ಇಡೀ ಕೇರಿಯಲ್ಲಿ ಕತ್ತಲಾಗಿದ್ದುದು ಓಬವ್ವನ ಮನೆಯೊಂದೇ. ಅವಳು ತಂತಿಯ ತುದಿಗಳನ್ನು ಮತ್ತೆ ಸರಿಯಾಗಿ ಹಿಡಿದುಕೊಂಡಳು. ಗೆಲ್ಲುವುದು ಇನ್ನು ಒಂದೇ ಜೋಡಿಯಷ್ಟು ದೂರ.

"ಇನ್ನುಳಿದಿದ್ದು ಒಂದೇ! ಕೆಂಪು, ಹಳದಿ ಹೆಣೀರಿ!"

"ಗಾಳಿಗೆ ಮೋಂಬತ್ತಿ ಆರಿಹೋತು! ಯಾವುದು ಕೆಂಪು, ಯಾವುದು ಹಸಿರು ಒಂದೂ ಕಾಣಂಗಿಲ್ಲ!"

"ಏನಿದು ಓಬವ್ವ, ಮನೆಯೆಲ್ಲ ಕತ್ತಲು?"

ಬಾಗಿಲಲ್ಲಿ ನಿರ್ಮಲಮ್ಮ ನಿಂತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಬಸ್ಸಿನ ಧೂಳು ಮೆತ್ತಿದ ಕನ್ನಡಕ. ಮಹಡಿಯಿಂದ ಒಬ್ಬ ಗಂಡಸು ಕಿರುಚುತ್ತಿದ್ದಾನೆ, ಕೆಳಗೆ ಗೋಡೆಯಿಂದ ಮೂರು ತಂತಿ ನೇತಾಡುತ್ತಿವೆ, ಅವುಗಳ ಮುಂದೆ ಓಬವ್ವ ಮಂಡಿಯೂರಿ ಕೂತಿದ್ದಾಳೆ, ಮುದುಕಿ ಲಾಟೀನು ಹಿಡಿದಿದ್ದಾಳೆ. ಅವರು ಕಂಡದ್ದು ಇದು.

ಓಬವ್ವ ಎದ್ದು ಕೈ ಮುಗಿಯಬೇಕಿತ್ತು. ಒಳಗೆ ಬನ್ನಿ ಎಂದು ಚಾಪೆ ಹಾಸಬೇಕಿತ್ತು. ಅವಳ ಬಾಯಿಂದ ಬಂದದ್ದು ಬೇರೆಯೇ.

"ಮೇಡಂ, ನಿಮ್ಮ ಚೀಲದಾಗೆ ಬ್ಯಾಟರಿ ಐತಾ?"

"ಐತೆ. ಯಾಕೆ?"

"ಮೇಲೆ ನಮ್ಮೋರಿಗೆ ಒಂಚೂರು ಬೆಳಕು ಹಿಡೀರಿ. ಒಂದೇ ಜೋಡಿ ಉಳಿದೈತೆ! ಫ್ಯೂಸು ನನ್ ಸೆರಗಿನಾಗೈತೆ, ಏನೂ ಹೆದರಬ್ಯಾಡ್ರಿ!"

ನಿರ್ಮಲಮ್ಮ ಕೊಡೆಯನ್ನು ಗೋಡೆಗೆ ಆನಿಸಿ, ಚಪ್ಪಲಿ ಬಿಟ್ಟು, ಚೀಲದಿಂದ ಬ್ಯಾಟರಿ ತೆಗೆದು ಮೆಟ್ಟಿಲು ಹತ್ತಿದರು. ಮೇಲಿನಿಂದ ಓಂಕಾರಪ್ಪನ ಗಾಬರಿಯ "ನಮಸ್ಕಾರ ಮೇಡಂ" ಕೇಳಿಸಿತು, ಅದರ ಹಿಂದೆಯೇ ನಿರ್ಮಲಮ್ಮನ ದನಿ: "ನಮಸ್ಕಾರ ಆಮೇಲೆ ಮಾಡ್ರಿ, ಮೊದ್ಲು ತಂತಿ ಹೆಣೀರಿ. ಇದು ಕೆಂಪು, ಇದು ಹಳದಿ. ಹಾಂ, ಈಗ ನೋಡು ಓಬವ್ವ!"

ಒಂದು, ಎರಡು. ಇಲ್ಲ. ಎರಡು, ಮೂರು. ಇಲ್ಲ. ಓಬವ್ವ ಒಂದು, ಮೂರಕ್ಕೆ ಮುಟ್ಟಿಸಿದಳು.

ಇಲ್ಲ.

ಅವಳಿಗೆ ನಂಬಲಾಗಲಿಲ್ಲ. ಮತ್ತೆ ಮುಟ್ಟಿಸಿದಳು. ಒತ್ತಿ ಹಿಡಿದಳು. ಕತ್ತಲೆ. ಅಂತರಘಟ್ಟಮ್ಮ ಲಾಟೀನನ್ನು ಇನ್ನಷ್ಟು ಹತ್ತಿರ ತಂದಳು, ಅದರಿಂದೇನಾದರೂ ಆದೀತು ಎಂಬಂತೆ. ಮೂರು ಜೋಡಿ ಮುಗಿದವು. ನಾಲ್ಕನೆಯದು ಇಲ್ಲ. ಹಾಗಾದರೆ ತಂತಿ ಗೋಡೆಯೊಳಗೆ ತುಂಡಾಗಿದೆಯೇ? ಆದರೆ ಮಧ್ಯಾಹ್ನ ದೀಪ ಹತ್ತಿತ್ತಲ್ಲ! ತಂತಿ ಜೀವಂತವಾಗಿದೆ. ಸೆಲ್ಲು ಸತ್ತಿತೇ? ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದಳು. ಪುಟ್ಟ ಬಲ್ಬು ಠೀವಿಯಿಂದ ಹತ್ತಿತು. ಅಂದರೆ ತಪ್ಪು ಎಲ್ಲಿ? ಹೆಣೆದಲ್ಲಿ! ಮೇಲಿನ ಸ್ವಿಚ್ಚು ತಿಂಗಳುಗಟ್ಟಲೆ ಕಿಡಿ ಕಾರಿತ್ತು.

"ರೀ! ತಂತಿ ತುದಿ ಹೆಂಗೈತೆ? ಹೊಳೀತೈತಾ, ಕಪ್ಪಗೈತಾ?"

ಉತ್ತರ ಕೊಟ್ಟವರು ನಿರ್ಮಲಮ್ಮ. "ಕೆಂಪು ದಾರದ್ದು ಸುಟ್ಟು ಕಪ್ಪಗಾಗೈತೆ ಕಣವ್ವ, ಮಸಿ ಹಿಡಿದಂಗೆ."

"ಕೆರೀರಿ! ಬ್ಲೇಡಿನಾಗೆ ಕೆರೆದು, ತಾಮ್ರ ಕಾಣೋ ತನಕ ಕೆರೀರಿ!"

ಬ್ಲೇಡಿನ ಕರಕರ ಸದ್ದು ಕೆಳಗಿನವರೆಗೂ ಕೇಳಿಸಿತು. ಅಂತರಘಟ್ಟಮ್ಮ ತಾನು ಹೆಸರು ಹೊತ್ತ ದೇವಿ ಅಂತರಘಟ್ಟೆಯ ಅಮ್ಮನಿಗೆ ಬಾಯೊಳಗೇ ಏನೋ ಹರಕೆ ಹೇಳಿಕೊಂಡಳು. "ಈಗ ಕೆಂಪಗೆ ಹೊಳೀತೈತೆ. ಹೆಣೆದೀವಿ!" ಎಂದಿತು ನಿರ್ಮಲಮ್ಮನ ದನಿ. ಅದರಲ್ಲಿ ಆಫೀಸಿನ ಗತ್ತು ಒಂದಿಷ್ಟೂ ಉಳಿದಿರಲಿಲ್ಲ.

ಒಂದು ಗಂಟು. ಮೂರು ಗಂಟು.

ಬಲ್ಬು ಹತ್ತಿತು.

"ಹತ್ತಿತು! ಹತ್ತಿತು ರೀ! ಮೇಡಂ, ಹತ್ತಿತು!" ಓಬವ್ವ ಕೂತಲ್ಲೇ ಕುಣಿದಳು. ಅತ್ತೆ ಲಾಟೀನು ಹಿಡಿದ ಕೈಯಲ್ಲೇ ಅವಳನ್ನು ಅಪ್ಪಿಕೊಂಡಳು. ಸೀರೆಗೆ ಬೆಂಕಿ ತಗಲದಿದ್ದುದು ಪುಣ್ಯ. ಮೇಲಿನಿಂದ ನಿರ್ಮಲಮ್ಮ ಮೆಟ್ಟಿಲಿಗೆ ಬಗ್ಗಿ, "ಎಲ್ಲಿ, ಎಲ್ಲಿ, ನನಗೂ ತೋರ್ಸು" ಎನ್ನುತ್ತಿದ್ದರು.

ಇನ್ನು ಉಳಿದದ್ದು ಸಲೀಸು ಕೆಲಸ. ಕೆಂಪು, ಹಳದಿ ಕಾಲುವೆಗಳು. ಹಾಗಾದರೆ ಮೇಲೆ ಹಸಿರು ದಾರದ್ದು ಬಲ್ಬಿನ ತಂತಿ, ಅದು ಮೇಲಿನ ಸ್ವಿಚ್ಚಿನ ನಡುವಿಗೆ. ಕೆಳಗೆ ಎರಡು ಗಂಟಿನದು ಕರೆಂಟು ಬರುವುದು, ಅದು ಕೆಳಗಿನ ಸ್ವಿಚ್ಚಿನ ನಡುವಿಗೆ. ಕೆಳಗಿನದನ್ನು ಓಬವ್ವ ಹಾಕಿದಳು. ಮೇಲಿನದನ್ನು ಓಂಕಾರಪ್ಪ ಹಾಕಿದ, ಪ್ರತಿ ಸ್ಕ್ರೂ ಬಿಗಿಸುವಾಗಲೂ "ಹಸಿರು ನಡುವಿಗೆ, ಹಸಿರು ನಡುವಿಗೆ" ಎಂದು ಜಪ ಮಾಡುತ್ತ. ಈ ಸಲ ಅವನ ಅಂಗೈಯಲ್ಲಿ ಒಂದೂ ಸ್ಕ್ರೂ ಉಳಿಯದಂತೆ ನಿರ್ಮಲಮ್ಮ ನೋಡಿಕೊಂಡರು.

ಎರಡೂ ಸ್ವಿಚ್ಚು ಗೋಡೆಗೆ ಕೂತ ಮೇಲೆ ಓಬವ್ವ ಮೇಲೆ ಹೋಗಿ ಒಂದೊಂದು ತಂತಿಯನ್ನೂ ಮೆಲ್ಲಗೆ ಎಳೆದು ನೋಡಿದಳು. ಎಲ್ಲ ಬಿಗಿ. ಕೆಳಗಿಳಿದು ಸೆರಗಿನ ಗಂಟು ಬಿಚ್ಚಿ ಫ್ಯೂಸು ತೆಗೆದಳು. ಬೋರ್ಡಿನ ಮುಂದೆ ನಿಂತು ಎಲ್ಲರನ್ನೂ ಗೋಡೆಯಿಂದ ದೂರ ನಿಲ್ಲಲು ಹೇಳಿದಳು. ಸಿಕ್ಕಿಸಿದಳು. ಪಡಸಾಲೆಯ ದೀಪ ಹತ್ತಿತು, ಅಡಿಗೆಮನೆಯದು ಹತ್ತಿತು. ಮೆಟ್ಟಿಲಿನದು ಆರಿಯೇ ಇತ್ತು.

"ಅಜ್ಜಿ, ನೀವೇ ಒತ್ರಿ" ಎಂದರು ನಿರ್ಮಲಮ್ಮ.

ಅಂತರಘಟ್ಟಮ್ಮ ಈವರೆಗೆ ಸ್ವಿಚ್ಚು ಮುಟ್ಟಿದವಳಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, ತೋರುಬೆರಳಿಂದ ಒತ್ತಿದಳು. ಮೆಟ್ಟಿಲೆಲ್ಲ ಬೆಳಗಿತು.

"ನಾನು ಮೇಲಿಂದ ಆರಿಸ್ತೀನಿ" ಎಂದು ನಿರ್ಮಲಮ್ಮ ಸೀರೆ ಎತ್ತಿಕೊಂಡು ಹತ್ತಿದರು. ಆರಿಸಿದರು. ಮಧ್ಯಾಹ್ನ ಸೋತದ್ದು ಇಲ್ಲಿಯೇ. "ಈಗ ಕೆಳಗಿಂದ ಹಾಕು ಓಬವ್ವ!"

ಓಬವ್ವ ಒತ್ತಿದಳು. ಹತ್ತಿತು. ಮೇಲೆ ಆರಿತು. ಕೆಳಗೆ ಹತ್ತಿತು. ಕೆಳಗೆ ಆರಿತು. ಮೇಲೆ ಹತ್ತಿತು. ಓಂಕಾರಪ್ಪ ಮೂರು ಮೆಟ್ಟಿಲು ಒಟ್ಟಿಗೆ ಹಾರಿ ಇಳಿದು ಬಂದು, ಅವ್ವನ ಎದುರಿಗೇ ಹೆಂಡತಿಯ ಕೈ ಹಿಡಿದುಬಿಟ್ಟ. ಆಮೇಲೆ ನಾಚಿ ಬಿಟ್ಟ.

ಗಲಾಟೆ ಕೇಳಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದ್ದರು. ಹೊಲಿಗೆ ಕಲಿಯುತ್ತೇನೆಂದು ಹೆಸರು ಕೊಟ್ಟವರೇ ಬಹಳ. ಪ್ರತಿಯೊಬ್ಬರಿಗೂ ಒಂದು ಸಲ ಕೆಳಗೆ ಒತ್ತಿ ಹತ್ತಬೇಕು, ಮೇಲೆ ಒತ್ತಿ ಇಳಿಯಬೇಕು. ನಿರ್ಮಲಮ್ಮ ಮೆಟ್ಟಿಲ ನಡುವೆ ಕೂತು, ಹತ್ತಿ ಇಳಿಯುವವರಿಗೆ ಕಾಲು ಸರಿಸುತ್ತ, ಚೀಲದಿಂದ ಕಾಗದ ತೆಗೆದು ಬರೆಯಲು ಹೊರಟರು. ದೀಪ ಅರೆಗಳಿಗೆಗೊಮ್ಮೆ ಆರುತ್ತಿತ್ತು. "ಅಯ್ಯೋ, ಒಂದು ಸಾಲು ಬರೆಯಾಕಾದ್ರೂ ಬಿಡ್ರೇ!" ಎಂದು ಅವರು ಕೂಗಿದರೆ ಹೆಂಗಸರೆಲ್ಲ ನಗುತ್ತಿದ್ದರು.

ಏಳೂಮುಕ್ಕಾಲಿನ ಬಸ್ಸಿಗೆ ಅವರನ್ನು ಹತ್ತಿಸಲು ಓಬವ್ವ, ಓಂಕಾರಪ್ಪ ಇಬ್ಬರೂ ಹೋದರು. ಬಸ್ಸಿನ ಕಿಟಕಿಯಿಂದ ನಿರ್ಮಲಮ್ಮ ಕೇಳಿದರು: "ಹೊಲಿಗೆ ಮಿಷನ್ನು ಬಿಚ್ಚಿ ಎಣ್ಣೆ ಹಾಕಾಕೆ ಬರುತ್ತಾ ನಿನಗೆ?"

"ನನಗೆ ಬರುತ್ತೆ ಮೇಡಂ."

"ಕಂಪೌಂಡರಿಗೆ?"

ಓಂಕಾರಪ್ಪ ಬಾಯಿ ತೆರೆಯುವ ಮುಂಚೆಯೇ ಓಬವ್ವ ಹೇಳಿದಳು: "ಅವರು ಬೆಳಕು ಹಿಡೀತಾರೆ."

ಬಸ್ಸು ಹೊರಟಿತು. ನಿರ್ಮಲಮ್ಮ ನಗುತ್ತಿದ್ದುದು ತಿರುವಿನವರೆಗೂ ಕಾಣಿಸಿತು.

ಇಪ್ಪತ್ತೆರಡು ದಿನಕ್ಕೆ ಮಿಷನ್ನುಗಳು ಬಂದವು. ಹೊನ್ನಾಳಿಯ ಬಸ್ಸಿನ ತಲೆಯ ಮೇಲೆ ಗೋಣಿಯಲ್ಲಿ ಸುತ್ತಿದ್ದ ಆರು ಮಿಷನ್ನು. ಕೂಲಿಯವರು ಬರುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಹದಿನಾಲ್ಕು ಹೆಂಗಸರೂ ಗದ್ದೆಯಿಂದ, ಅಡಿಕೆ ಸುಲಿಯುವ ಚಪ್ಪರದಿಂದ ನೇರ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಕೆಲವರು ತಲೆಯ ಮೇಲೆ, ಕೆಲವರು ಇಬ್ಬಿಬ್ಬರಾಗಿ ಹಿಡಿದು, ಬೀದಿಯುದ್ದಕ್ಕೂ ಮಾತಾಡುತ್ತ ಹೊತ್ತು ತಂದರು. ಮನೆ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿತ್ತು. ಓಬವ್ವ ಮುಂದೆ ಓಡಿ ಮೆಟ್ಟಿಲ ದೀಪ ಹಾಕಿದಳು, ಹೆಂಗಸರು ಒಬ್ಬರ ಹಿಂದೊಬ್ಬರು ಮಿಷನ್ನು ಹೊತ್ತು ಮೇಲಕ್ಕೆ ಹತ್ತಿದರು.